ಟರ್ಬೊ ಕೊಂದವರು ಯಾರು? ಬಳ್ಳಾರಿ ಗ್ಯಾರೇಜಿನಲ್ಲಿ ನನ್ನ ಅನುಭವ

ಸಂಡೂರು ಗಣಿಗಳಿಂದ ತೋರಣಗಲ್ಲಿಗೆ ಅದಿರು ಹೊರುವ ಟಿಪ್ಪರ್‌ಗಳೇ ನನ್ನ ಹತ್ತಿರ ಹೆಚ್ಚು ಬರುತ್ತವೆ. "ಟರ್ಬೊ ಹೋಗಿದೆ, ಹೊಸದು ಹಾಕಿಬಿಡಿ" ಎಂದು ಮಾಲೀಕರು ಅವಸರ ಮಾಡುತ್ತಾರೆ. ನಾನು ಒಪ್ಪುವುದಿಲ್ಲ. ಎಂಜಿನ್ ಹೊರಬಿಡುವ ಹೊಗೆಯ ರಭಸಕ್ಕೆ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಟರ್ಬೊ ತಾನಾಗಿ ಸಾಯುವುದು ಅಪರೂಪ. ಕೊಂದ ಕಾರಣ ಎಂಜಿನ್‌ನಲ್ಲೇ ಉಳಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ಸ್ಪ್ಯಾನರ್ ಹಿಡಿಯುವ ಮೊದಲು ಹೊಗೆ ನೋಡುತ್ತೇನೆ. ಕಪ್ಪು ಹೊಗೆ, ಏರಿನಲ್ಲಿ ಎಳೆತವಿಲ್ಲ ಎಂದರೆ ಎಷ್ಟೋ ಸಲ ಟರ್ಬೊ ಒತ್ತಿದ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನ ಹೋಸ್ ಬಿರಿದಿರುತ್ತದೆ, ಟರ್ಬೊ ಗಟ್ಟಿಯಾಗಿಯೇ ಇರುತ್ತದೆ. ನೀಲಿ ಹೊಗೆಯಾದರೆ ಆಯಿಲ್ ಉರಿಯುತ್ತಿದೆ.

ಆಮೇಲೆ ಏರ್ ಫಿಲ್ಟರ್ ದಾಟಿದ ಹೋಸ್ ಬಿಚ್ಚಿ ಒಳಗೆ ಬೆರಳಾಡಿಸುತ್ತೇನೆ. ಕೆಂಪು ಧೂಳು ಹತ್ತಿತೋ, ಅರ್ಧ ಉತ್ತರ ಸಿಕ್ಕಂತೆ. ಅದಿರಿನ ಧೂಳು ಸಾಣೆ ಹಿಡಿದ ಹಾಗೆ ಟರ್ಬೊದಲ್ಲಿ ಗಾಳಿ ಒತ್ತುವ ಕಂಪ್ರೆಸರ್ ರೆಕ್ಕೆಗಳ ಅಂಚು ತೆಳುವಾಗಿಸುತ್ತದೆ. ಫಿಲ್ಟರನ್ನು ಜೋರು ಗಾಳಿಯಲ್ಲಿ ಊದಿ ಊದಿ ಮತ್ತೆ ಹಾಕುತ್ತಾರೆ. ಹಾಳೆಯಲ್ಲಿ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ. ಇಲ್ಲವೇ ಕ್ಲ್ಯಾಂಪ್ ಸಡಿಲ. ರೆಕ್ಕೆ ಸವೆಯದೆ ಮುರಿದಿದ್ದರೆ ನಟ್ಟೋ ವಾಷರ್ರೋ ಒಳಹೋಗಿದೆ.

ರೆಕ್ಕೆಗಳನ್ನು ಹೊತ್ತ ಶಾಫ್ಟ್ ಅಲುಗಿಸಿದಾಗ ಅಡ್ಡಕ್ಕೆ ತುಸು ಆಟ ಇರಲೇಬೇಕು. ಅದನ್ನು ಹಿಡಿದ ಬೇರಿಂಗ್ ತೇಲುವುದೇ ಆಯಿಲ್ ಪದರದ ಮೇಲೆ. ಹಿಂದೆಮುಂದೆ ಆಟ ಕೈಗೆ ಸಿಕ್ಕರೆ, ರೆಕ್ಕೆ ಹೌಸಿಂಗ್‌ಗೆ ಉಜ್ಜಿದ್ದರೆ ಮುಗಿಯಿತು. ನಿಮಿಷಕ್ಕೆ ಲಕ್ಷ ಸುತ್ತಿನ ಆಸುಪಾಸು ತಿರುಗುವ ಶಾಫ್ಟಿಗೆ ಕೆಲವೇ ಸೆಕೆಂಡು ಆಯಿಲ್ ತಪ್ಪಿದರೂ ಸಾಕು. ಬಿಚ್ಚಿದಾಗ ಶಾಫ್ಟ್ ನೀಲಿಗಟ್ಟಿದ್ದರೆ ಆಯಿಲ್ ಸಾಲದೆ ಕಾದಿದೆ, ಗೀರು ಬಿದ್ದಿದ್ದರೆ ಕೊಳಕು ಆಯಿಲ್ ಹರಿದಿದೆ. ಟರ್ಬೊಗೆ ಆಯಿಲ್ ತರುವ ಫೀಡ್ ಪೈಪಿನೊಳಗೆ ಕರಿ ಕಟ್ಟುವುದು ಲೋಡ್ ಎಳೆದು ಬಂದ ತಕ್ಷಣ ಎಂಜಿನ್ ಆಫ್ ಮಾಡುವುದರಿಂದ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಂತೂ ಎರಡು ಮೂರು ನಿಮಿಷ ಐಡ್ಲಿಂಗ್ ಬಿಡಿ ಎಂದು ಡ್ರೈವರ್‌ಗಳಿಗೆ ಕೈಮುಗಿದು ಹೇಳುತ್ತೇನೆ.

ಆಯಿಲ್ ಸೋರಿದರೆ ಎಲ್ಲರೂ ಸೀಲನ್ನೇ ದೂರುತ್ತಾರೆ. ನಾನು ಡ್ರೈನ್ ಪೈಪ್ ನೋಡುತ್ತೇನೆ. ಆಯಿಲ್ ಅಲ್ಲಿ ತನ್ನ ಭಾರದಿಂದಲೇ ಕೆಳಗಿಳಿಯಬೇಕು. ಪೈಪ್ ಕಟ್ಟಿದ್ದರೆ, ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಮುಚ್ಚಿದ್ದರೆ, ಪಿಸ್ಟನ್ ರಿಂಗ್ ಸವೆದು ಎಂಜಿನ್‌ನ ಕೆಳಭಾಗದ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಏರಿದ್ದರೆ ಒಳ್ಳೆಯ ಸೀಲೂ ತಡೆಯಲಾರದು.

ಹೊಸದು ಕೂರಿಸುವಾಗ ಆಯಿಲ್, ಫಿಲ್ಟರ್, ಫೀಡ್ ಪೈಪ್ ಬದಲಿಸಿ, ಇಂಟರ್‌ಕೂಲರ್ ತೊಳೆಯುತ್ತೇನೆ. ಆಯಿಲ್ ಪೈಪಿನ ಜಾಯಿಂಟಿಗೆ ಪೇಸ್ಟ್ ಹಚ್ಚಲು ಬಿಡುವುದಿಲ್ಲ, ಅದರ ಚೂರು ಕಳಚಿ ದಾರಿ ಕಟ್ಟುತ್ತದೆ. ಟರ್ಬೊಗೆ ಆಯಿಲ್ ತುಂಬಿ, ಡೀಸೆಲ್ ಬಂದ್ ಮಾಡಿ ಸೆಲ್ಫ್ ಹೊಡೆದು, ಆಯಿಲ್ ಪ್ರೆಷರ್ ಬಂದ ಮೇಲಷ್ಟೇ ಸ್ಟಾರ್ಟ್ ಮಾಡುತ್ತೇನೆ.