ಕುಚ್ಚಿನ ದರಕ್ಕೆ ಹತ್ತು ಕುಚ್ಚಿನ ಲೆಕ್ಕ
ಸೀರೆಗೆ ಕುಚ್ಚು ಕಟ್ಟುವವರು ದರ ಹೇಳುವ ಮೊದಲು ಮೊಬೈಲ್‌ನಲ್ಲಿ ಸಮಯ ನೋಡಿಕೊಂಡು ಹತ್ತು ಕುಚ್ಚು ಕಟ್ಟಿ. ಹತ್ತಕ್ಕೆ 20 ನಿಮಿಷವಾದರೆ 90 ಕುಚ್ಚಿಗೆ 3 ಗಂಟೆ. ಗಂಟೆಗೆ 80 ರೂಪಾಯಿ ಹಿಡಿದರೂ ಕೂಲಿಯೇ 240, ಅದರ ಮೇಲೆ ರೇಷ್ಮೆ ದಾರ, ಮಣಿಯ ಖರ್ಚು. ಮನೆಗೆಲಸದ ನಡುವೆ ಬಿಟ್ಟು ಬಿಟ್ಟು ಕಟ್ಟುವುದರಿಂದ ಒಟ್ಟು ಎಷ್ಟು ಹೊತ್ತು ಹಿಡಿಯಿತೆಂದು ನಮಗೇ ತಿಳಿಯುವುದಿಲ್ಲ, ಪಕ್ಕದ ಬೀದಿಯ ದರವನ್ನೇ ಹೇಳಿಬಿಡುತ್ತೇವೆ. ಸೆರಗಿನ ಎಳೆ ಬಿಡಿಸುವ ಹೊತ್ತನ್ನೂ ದಯವಿಟ್ಟು ಸೇರಿಸಿ, ಅದೂ ದುಡಿಮೆಯೇ. ಹೊಸ ವಿನ್ಯಾಸಕ್ಕೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ: ಕೈ ಪಳಗುವ ತನಕ ನಿಧಾನವಾಗಿ, ದರ ವಿಪರೀತ ಏರುತ್ತದೆ. ಒಂದು ಸೀರೆ ಮುಗಿಸಿದ ಮೇಲೆ ಅಳೆಯಿರಿ. ಕ್ರೋಶಾ ಅಂಚಿದ್ದರೆ ಅದನ್ನು ಬೇರೆಯಾಗಿ ಅಳೆಯಬೇಕು.