ಅಣಬೆ ಮುರಿಯಬೇಡಿ, ಬುಡ ಸಮೇತ ಅಗೆಯಿರಿ

ಮುಂಗಾರು ಹಿಡಿದು ನಾಲ್ಕು ದಿನವಾದರೆ ಸಂಡೂರಿನ ಗುಡ್ಡಗಳ ಕಡೆ ಹೋದವರು ಬರಿಗೈಯಲ್ಲಿ ಬರುವುದಿಲ್ಲ. ಒಂದು ಪ್ಲಾಸ್ಟಿಕ್ ಕವರ್ ತುಂಬ ಅಣಬೆ ತಂದು ಮುಂದಿಟ್ಟು, "ಇದು ತಿನ್ನೋದಾ, ನಾಯಿಕೊಡೆನಾ ನೋಡ್ರಿ" ಅನ್ನುತ್ತಾರೆ. ನೋಡಿದರೆ ಎಲ್ಲವನ್ನೂ ಕೊಡೆ ಹಿಡಿದು ಚಟಕ್ಕನೆ ಮುರಿದಿರುತ್ತಾರೆ. ಗುರುತು ಹಿಡಿಯಬೇಕಾದ ಬುಡ ಗುಡ್ಡದಲ್ಲೇ ಉಳಿದಿದೆ!

ಮೊದಲು, ಎಲ್ಲಿ ಬೆಳೆದಿದೆ ಅಂತ ನೋಡಿ ಫೋಟೊ ತೆಗೆದುಕೊಳ್ಳಿ. ಹುತ್ತವೋ, ಹುಲ್ಲೋ, ಮರದ ಬೇರೋ.

ಆಮೇಲೆ ಅಗೆಯುವುದು. ಕುರ್ಚಿಗಿ ತಗೊಂಡು ಕಾಂಡದಿಂದ ನಾಲ್ಕು ಬೆರಳು ದೂರದಲ್ಲಿ ಸುತ್ತ ಮಣ್ಣು ಸಡಿಲ ಮಾಡಿ, ಬೆರಳಿನಿಂದ ಬಿಡಿಸುತ್ತ ಹೋಗಿ. ತಿನ್ನುವ ಹುತ್ತದ ಅಣಬೆಯಾದರೆ ಕಾಂಡ ನೆಲದೊಳಗೆ ಮೂಲಂಗಿ ಬಾಲದಂತೆ ಸಣ್ಣಗಾಗುತ್ತ ಗೆದ್ದಲಿನ ಗೂಡಿನವರೆಗೂ ಇಳಿದಿರುತ್ತದೆ. ಕೊಡೆಯ ನಡುವೆ ಮೊನಚು ಇರುತ್ತದೆ. ಬುಡದಲ್ಲಿ ಒಡೆದ ಮೊಟ್ಟೆಯ ಪೊರೆಯಂಥ ಬಿಳಿ ಚೀಲ ಕಂಡರೆ ಅಲ್ಲೇ ಬಿಟ್ಟುಬಿಡಿ. ಅದು ಅಮಾನಿಟಾ ಅನ್ನುವ ಕುಲದ ಅಣಬೆ ಇರಬಹುದು, ಪ್ರಾಣ ತೆಗೆಯುವ ಜಾತಿಗಳು ಅದರಲ್ಲಿವೆ. ಇನ್ನೂ ಅರಳದೆ ಗುಂಡಗಿರುವ ಮೊಗ್ಗನ್ನು ಉದ್ದಕ್ಕೆ ಸೀಳಿ ನೋಡಿ. ಒಳಗೆ ಮಡಚಿದ ಪುಟ್ಟ ಕೊಡೆ ಕಂಡರೆ ಅದೂ ಬೇಡ.

ಮೂರನೆಯದು ಪುಡಿಯ ಅಚ್ಚು, ಅಂದರೆ ಕೊಡೆಯಡಿಯಿಂದ ಉದುರುವ ಬೀಜಕಣಗಳ ಗುರುತು. ಇದನ್ನು ಯಾರೂ ಮಾಡುವುದಿಲ್ಲ, ನಾನು ಮಾತ್ರ ಒಂದು ಸಲವೂ ಬಿಡುವುದಿಲ್ಲ. ಕಾಂಡ ಕತ್ತರಿಸಿ, ಕೊಡೆಯನ್ನು ಬಿಳಿ ಹಾಳೆಯ ಮೇಲೆ ಅಡಿಯ ಸೀಳುಸೀಳು ಪದರ ಕೆಳಗಾಗಿ ಇಟ್ಟು, ಬಟ್ಟಲು ಮುಚ್ಚಿ ರಾತ್ರಿಯಿಡೀ ಬಿಡಿ. ಉಳಿದ ಅಣಬೆ ಫ್ರಿಜ್‌ನಲ್ಲಿರಲಿ. ಬೆಳಿಗ್ಗೆ ಎತ್ತಿದರೆ ಗೆರೆಗೆರೆಯಾಗಿ ಪುಡಿ ಬಿದ್ದಿರುತ್ತದೆ. ಹುತ್ತದ ಅಣಬೆಯ ಪುಡಿ ತಿಳಿ ಗುಲಾಬಿ. ಹಸಿರು ಬಿದ್ದರೆ ಅದು ಕ್ಲೋರೋಫಿಲಂ. ಮಳೆ ಬಂದ ಮೇಲೆ ಹುಲ್ಲುಹಾಸಿನಲ್ಲಿ, ಮೈದಾನದಲ್ಲಿ ಏಳುವ, ಮೇಲೆ ಕಂದು ಹಕ್ಕಳೆ, ಕಾಂಡಕ್ಕೆ ಉಂಗುರ ಇರುವ ದೊಡ್ಡ ಬಿಳಿ ಅಣಬೆ ಇದು. ಎಳೆಯದರಲ್ಲಿ ಪದರವೂ ಬೆಳ್ಳಗೇ ಇರುವುದರಿಂದ ಕಣ್ಣಿಗೆ ಮೋಸ ಆಗುತ್ತದೆ. ತಿಂದರೆ ಒಂದರಿಂದ ಮೂರು ಗಂಟೆಯೊಳಗೆ ವಾಂತಿ, ಭೇದಿ ಶುರು. ಪುಡಿ ಬಿಳಿ ಬಿದ್ದರೆ ನಾನಂತೂ ತಿನ್ನುವುದಿಲ್ಲ, ಅಮಾನಿಟಾದ ಪುಡಿಯೂ ಬಿಳಿಯೇ.

ವಿಷದ ಅಣಬೆ ತಾಕಿದರೆ ಬೆಳ್ಳಿ ಕಪ್ಪಾಗುತ್ತದೆ, ಬೆಳ್ಳುಳ್ಳಿ ಬಣ್ಣ ಬದಲಿಸುತ್ತದೆ, ಹುಳ ತಿಂದಿದ್ದರೆ ನಾವೂ ತಿನ್ನಬಹುದು, ಎಲ್ಲ ಸುಳ್ಳು. ಎರಡು ಸಲ ಕುದಿಸಿ ನೀರು ಚೆಲ್ಲಿದರೂ ಅಮಾನಿಟಾದ ವಿಷ ಹೋಗುವುದಿಲ್ಲ. ಫೋಟೊ ನೋಡಿ ಹೆಸರು ಹೇಳುವ ಆ್ಯಪ್‌ಗೆ ಬುಡವೂ ಕಾಣದು, ಪುಡಿಯೂ ಕಾಣದು. ಪ್ಲಾಸ್ಟಿಕ್ ಕವರ್ ಅಂತೂ ಬೇಡವೇ ಬೇಡ, ಬೆವರಿ ಲೋಳೆಯಾಗುತ್ತದೆ. ಬಿದಿರು ಬುಟ್ಟಿ ಒಯ್ಯಿರಿ.

ಎಲ್ಲ ಸರಿ ಅನ್ನಿಸಿದರೂ, ಆ ಗುಡ್ಡದ ಅಣಬೆಯನ್ನೇ ವರ್ಷಗಟ್ಟಲೆ ತಿಂದ ಹಿರಿಯರ ಕೈಗೆ ಇಡೀ ಅಣಬೆ ಕೊಟ್ಟು ತೋರಿಸಿ. ಸ್ವಲ್ಪವಾದರೂ ಅನುಮಾನ ಬಂದರೆ ಚೆಲ್ಲಿ. ಚೆನ್ನಾಗಿ ಬೇಯಿಸಿ, ಮೊದಲ ಸಲ ಎರಡೇ ತುತ್ತು ತಿನ್ನಿ, ಒಂದು ಹಸಿ ಅಣಬೆ ತೆಗೆದಿಡಿ. ತಿಂದು ಆರು ಗಂಟೆ ದಾಟಿದ ಮೇಲೆ ವಾಂತಿ ಬಂದರೆ ಅದು ಇನ್ನೂ ಅಪಾಯ. ಮಾರನೇ ದಿನ ಆರಾಮಾಯಿತು ಅನ್ನಿಸುತ್ತದೆ, ಒಳಗೆ ಲಿವರ್ ಕೆಡುತ್ತಿರುತ್ತದೆ. ಕಾಯಬೇಡಿ, ತೆಗೆದಿಟ್ಟ ಅಣಬೆ ಹಿಡಿದು ತಕ್ಷಣ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಹೊರಡಿ.