ರಬ್ಬರ್ ಹಾಲಿಗೆ ಫಾರ್ಮಿಕ್ ಆಸಿಡ್: ನಾನು ಮಾಡುವ ರೀತಿ

ಸುಳ್ಯದ ಕಡೆ ರಬ್ಬರ್ ಶೀಟ್ ಮಾಡುವವರ ಮನೆಯಲ್ಲಿ ಹಾಲನ್ನು ಗಟ್ಟಿ ಮಾಡೋಕೆ ಒಂದು ಕ್ಯಾನ್ ಫಾರ್ಮಿಕ್ ಆಸಿಡ್ ಇದ್ದೇ ಇರುತ್ತದೆ. ಎಲ್ಲರೂ ಸುಮ್ನೆ ‘ಆಸಿಡ್’ ಅಂತಾರೆ. ನಾನು ಡಿಗ್ರಿಯಲ್ಲಿ ಕೆಮಿಸ್ಟ್ರಿ ಓದಿದವನು, ಹಾಗಾಗಿ ಅದನ್ನು ಅಳೆಯದೆ ಸುರಿಯೋಕೆ ಮನಸ್ಸು ಬರಲ್ಲ.

ಟ್ಯಾಪಿಂಗ್ ಮಾಡಿ (ಮರದ ತೊಗಟೆ ಕೊಯ್ದು) ತಂದ ಹಾಲಿನಲ್ಲಿ ರಬ್ಬರ್ ಕಣಗಳು ತೇಲುತ್ತಿರುತ್ತವೆ. ಅವುಗಳ ಮೈಗೆ ಪ್ರೋಟೀನ್ ಅಂಟಿಕೊಂಡಿರುತ್ತದೆ, ಅದರಲ್ಲಿ ಋಣ ವಿದ್ಯುತ್ ಇರುತ್ತದೆ. ಅದಕ್ಕೇ ಒಂದನ್ನೊಂದು ದೂರ ತಳ್ಳುತ್ತವೆ. ಆಸಿಡ್‌ನ ಹೈಡ್ರೋಜನ್ ಅಯಾನು ಆ ಋಣವನ್ನು ಅಳಿಸಿಹಾಕುತ್ತದೆ. 7ರ ಹತ್ತಿರ ಇದ್ದ ಪಿಎಚ್ (ಹುಳಿಯ ಅಳತೆ; ಹುಳಿ ಹೆಚ್ಚಿದಷ್ಟೂ ಕಡಿಮೆ) 5ಕ್ಕಿಂತ ಕೆಳಗಿಳಿದರೆ ಕಣಗಳು ಒಟ್ಟುಗೂಡುತ್ತವೆ, ಹಾಲು ಗಟ್ಟಿಯಾಗುತ್ತದೆ.

ಹಾಲನ್ನು ಸೋಸಿ, ಒಂದೂವರೆ ಲೀಟರ್ ಹಾಲಿಗೆ ಎರಡೂವರೆ ಲೀಟರ್ ನೀರು ಬೆರೆಸುತ್ತೇನೆ. ಇದರಲ್ಲಿ ಹೆಚ್ಚುಕಡಿಮೆ ಅರ್ಧ ಕೆಜಿ ಒಣ ರಬ್ಬರ್ ಇರುತ್ತದೆ. ಮಳೆಗಾಲದಲ್ಲಿ ಹಾಲು ತೆಳ್ಳಗಿದ್ದರೆ ನೀರು ಕಡಿಮೆ. ಅರ್ಧ ಕೆಜಿ ರಬ್ಬರಿಗೆ 85 ಶೇಕಡಾ ಆಸಿಡ್ 2 ಎಂಎಲ್ ಸಾಕು. ಅದನ್ನು ಮೊದಲು 200 ಎಂಎಲ್ ನೀರಿಗೆ ಹಾಕಿ ತೆಳು ಮಾಡಿಕೊಳ್ಳಬೇಕು. ನೇರವಾಗಿ ಸುರಿದರೆ ಬಿದ್ದ ಜಾಗದಲ್ಲಿ ಮಾತ್ರ ಗಂಟು ಕಟ್ಟುತ್ತದೆ, ಉಳಿದದ್ದು ಹಾಲಾಗಿಯೇ ಇರುತ್ತದೆ. ಮೆಲ್ಲಗೆ ಕಲಕಿ, ಮೇಲಿನ ನೊರೆ ತೆಗೆಯುತ್ತೇನೆ. ನೊರೆ ಬಿಟ್ಟರೆ ಶೀಟಿನಲ್ಲಿ ಗುಳ್ಳೆ ಉಳಿಯುತ್ತದೆ, ಗ್ರೇಡ್ ಇಳಿಯುತ್ತದೆ. ಗಟ್ಟಿಯಾದ ಮೇಲೆ ಟ್ರೇಯಲ್ಲಿ ಉಳಿಯುವ ನೀರು ತಿಳಿಯಾಗಿದ್ದರೆ ಆಸಿಡ್ ಸರಿಯಾಗಿದೆ ಅಂತ. ಬೆಳ್ಳಗಿದ್ದರೆ ಸಾಲಲಿಲ್ಲ, ಅಷ್ಟು ರಬ್ಬರ್ ನೀರಿನ ಜೊತೆ ಹೋಯಿತು. ಹಾಲು ಕೆಡದಿರಲಿ ಅಂತ ಅಮೋನಿಯಾ ಹಾಕಿದ್ದ ದಿನ ಆಸಿಡ್ ಸ್ವಲ್ಪ ಜಾಸ್ತಿ ಬೇಕು, ಯಾಕಂದ್ರೆ ಒಂದು ಪಾಲು ಅಮೋನಿಯಾ ಜೊತೆ ಸೇರಿ ಅಮೋನಿಯಂ ಫಾರ್ಮೇಟ್ ಎಂಬ ಲವಣವಾಗಿ ಖರ್ಚಾಗುತ್ತದೆ.

ಸಲ್ಫ್ಯೂರಿಕ್ ಅಗ್ಗ, ಅದನ್ನೇ ಹಾಕಬಾರದಾ ಅಂತ ಕೇಳುವವರಿದ್ದಾರೆ. ನಾನು ಹಾಕಲ್ಲ. ಅದು ಆವಿಯಾಗುವುದಿಲ್ಲ, ಶೀಟಿನಲ್ಲೇ ಉಳಿದು ರಬ್ಬರನ್ನು ಕೆಡಿಸುತ್ತದೆ. ಟ್ರೇ, ರೋಲರ್ ಕೂಡ ತಿಂದುಹಾಕುತ್ತದೆ. ಫಾರ್ಮಿಕ್ ಕುದಿಯುವುದು ಸುಮಾರು 101 ಡಿಗ್ರಿಯಲ್ಲಿ, ಹೆಚ್ಚುಕಡಿಮೆ ನೀರಿನ ಹಾಗೆಯೇ. ಶೀಟ್ ತೊಳೆದಾಗ ಹೋಗದೆ ಉಳಿದದ್ದು ಹೊಗೆಗೂಡಿನಲ್ಲಿ ಒಣಗುವಾಗ ನೀರಿನ ಜೊತೆ ಹಾರಿಹೋಗುತ್ತದೆ. ಅಸಿಟಿಕ್ (ವಿನೆಗರ್‌ನಲ್ಲಿರುವ ಆಸಿಡ್) ಕೂಡ ಆಗುತ್ತದೆ, ಆದರೆ ಅದರ ಶಕ್ತಿ ಇದರ ಹತ್ತರಲ್ಲಿ ಒಂದು ಪಾಲು ಅಷ್ಟೇ. ಹಾಗಾಗಿ ಪ್ರಮಾಣ ಜಾಸ್ತಿ ಬೇಕು.

ಇನ್ನೊಂದು ಕಾರಣಕ್ಕೂ ಸಲ್ಫ್ಯೂರಿಕ್ ಕ್ಯಾನನ್ನು ಶೆಡ್ಡಿನೊಳಗೆ ಬಿಟ್ಟುಕೊಳ್ಳಲ್ಲ. ಗಾಢ ಸಲ್ಫ್ಯೂರಿಕ್ ಆಸಿಡ್ ಫಾರ್ಮಿಕ್‌ನಿಂದ ನೀರನ್ನು ಎಳೆದುಕೊಂಡರೆ ಉಳಿಯುವುದು ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಆದರೆ ಜೀವ ತೆಗೆಯುತ್ತದೆ. ಒಂದರ ಖಾಲಿ ಕ್ಯಾನಿಗೆ ಇನ್ನೊಂದನ್ನು ತುಂಬಲೇಬಾರದು. ಗಾಢ ಫಾರ್ಮಿಕ್ ಒಂದನ್ನೇ ಬಿಗಿಯಾಗಿ ಮುಚ್ಚಿಟ್ಟರೂ ನಿಧಾನವಾಗಿ ಒಡೆದು ಇದೇ ಗ್ಯಾಸ್ ಬರುತ್ತದೆ. ಕ್ಯಾನನ್ನು ನೆರಳಿನಲ್ಲಿ ಇಡುತ್ತೇನೆ, ಹೊರಗೆ ತಂದು ಮುಚ್ಚಳವನ್ನು ಮೆಲ್ಲಗೆ ತಿರುಗಿಸುತ್ತೇನೆ.

ಚಗಳಿ ಇರುವೆ ಉಗುಳುವುದೂ ಇದೇ ಆಸಿಡ್. ಕಣ್ಣಿಗೆ ಹಾರಿಸಿಕೊಂಡವರಿಗೆ ಉರಿ ಗೊತ್ತಿರುತ್ತೆ, ಅಲ್ವಾ? ಕ್ಯಾನಿನಲ್ಲಿರುವುದು ಅದಕ್ಕಿಂತ ಎಷ್ಟೋ ಖಾರ. ಗ್ಲೌಸ್, ಕನ್ನಡಕ ಇಲ್ಲದೆ ಅಳೆಯಬೇಡಿ. ಮೈಗೆ ಬಿದ್ದರೆ ತುಂಬಾ ಹೊತ್ತು ನೀರು ಬಿಡಿ. ನೆಲಕ್ಕೆ ಚೆಲ್ಲಿದ್ದಕ್ಕೆ ಸೋಡಾ ಪುಡಿ ಉದುರಿಸಿದರೆ ಬುರುಬುರು ನೊರೆ ಬಂದು ಸೋಡಿಯಂ ಫಾರ್ಮೇಟ್ ಆಗುತ್ತದೆ.

ಪಿಯುಸಿ ಓದುವ ಅಕ್ಕನ ಮಗನಿಗೆ ಒಮ್ಮೆ ಒಂದು ಪರೀಕ್ಷೆ ತೋರಿಸಿದ್ದೆ. ಎರಡು ಗ್ಲಾಸ್ ಟ್ಯೂಬಿನಲ್ಲಿ ಪರ್ಮ್ಯಾಂಗನೇಟ್ ನೀರು. ಒಂದಕ್ಕೆ ತೆಳು ಫಾರ್ಮಿಕ್, ಇನ್ನೊಂದಕ್ಕೆ ವಿನೆಗರ್. ಸ್ವಲ್ಪ ಬಿಸಿ ಮಾಡಿದಾಗ ಫಾರ್ಮಿಕ್ ಇದ್ದದ್ದರಲ್ಲಿ ನೇರಳೆ ಬಣ್ಣ ಹೋಗಿ ಕಂದು ಬಂತು, ವಿನೆಗರ್ ಹಾಗೇ ಉಳಿಯಿತು. ಫಾರ್ಮಿಕ್‌ನ ಅಣುವಿನಲ್ಲಿ ಆಸಿಡ್ ಗುಂಪಿನ ಜೊತೆ ಆಲ್ಡಿಹೈಡ್‌ನ ಗುಣವೂ ಇದೆ. ಅದು ತಾನು ಕಾರ್ಬನ್ ಡೈಆಕ್ಸೈಡ್ ಆಗಿ ಪರ್ಮ್ಯಾಂಗನೇಟನ್ನು ಅಪಕರ್ಷಿಸುತ್ತದೆ, ಅಂದರೆ ಅದರ ಆಮ್ಲಜನಕ ಕಿತ್ತುಕೊಳ್ಳುತ್ತದೆ. ಸಾಮಾನ್ಯ ಕಾರ್ಬಾಕ್ಸಿಲಿಕ್ ಆಸಿಡ್‌ಗಳು ಇದನ್ನು ಮಾಡಲ್ಲ. ಲೇಬಲ್ ಕಿತ್ತುಹೋದ ಕ್ಯಾನಿನಲ್ಲಿ ಇರುವುದು ಫಾರ್ಮಿಕ್ಕೋ ಅಸಿಟಿಕ್ಕೋ ಅಂತ ಅನುಮಾನ ಬಂದರೆ ನಾನು ಈಗಲೂ ಮಾಡುವುದು ಇದನ್ನೇ.